ಎರಡೂವರೆ ಟನ್ ಟ್ರಕ್ಕು ತೂಕಕ್ಕೆ ಹಾಕಿದರೆ ಆರು ಟನ್! ಯಾರ ಲೆಕ್ಕ ತಪ್ಪು?

ಆರುಚಕ್ರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಹಳೇ ಮಿಲಿಟರಿ ಟ್ರಕ್ಕಿಗೆ ಜೀವ ಕೊಡುತ್ತಿದ್ದೇವೆ. ಅಮೆರಿಕ ಸೇನೆಯ ಎಂ35ಎ2. ಮೂರು ಆಕ್ಸಲ್, ಮೂರಕ್ಕೂ ಎಂಜಿನ್ ಎಳೆತ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಹೊಗೆಯೂ ಚೆನ್ನಾಗಿ ಬರುತ್ತದೆ.

ಸಮಸ್ಯೆ ಲೆಕ್ಕದ್ದು. ಕಾಗದಪತ್ರದಲ್ಲಿ "ಎರಡೂವರೆ ಟನ್ ಟ್ರಕ್" ಎಂದಿದೆ. ನಿನ್ನೆ ತೂಕಕ್ಕೆ ಹಾಕಿದೆವು. ಖಾಲಿ ಗಾಡಿಯೇ 5,900 ಕೆಜಿ ಚಿಲ್ಲರೆ. ಡ್ಯಾಶ್‌ಬೋರ್ಡಿನ ತಗಡಿನಲ್ಲಿ ನೋಡಿದರೆ 5,000 ಎಂದು ಒಂದು ಕಡೆ, 10,000 ಎಂದು ಇನ್ನೊಂದು ಕಡೆ. ಎರಡೂವರೆ, ಆರು, ಐದು, ಹತ್ತು. ಒಂದಕ್ಕೊಂದು ತಾಳೆಯೇ ಇಲ್ಲ. ನಾವು ಓಡಾಡಬೇಕಾದ ದಾರಿಯಲ್ಲಿ ಒಂದು ಸಣ್ಣ ಸೇತುವೆ ಇದೆ, ಮಿತಿ 7 ಟನ್. ಸಾಮಾನು ಹೇರಿಕೊಂಡು ದಾಟಬಹುದಾ?

ಲೆಕ್ಕದ ಮೇಷ್ಟ್ರು

ಮೊದಲು ಸೇತುವೆ ವಿಷಯ. ಸಾಮಾನು ಹೇರಿಕೊಂಡು ದಾಟಬೇಡಿ. ಉಳಿದದ್ದು ಆಮೇಲೆ.

ನಿಮ್ಮ ತಗಡಿನಲ್ಲಿರುವುದು ಕೆಜಿ ಅಲ್ಲ, ಪೌಂಡು. ಒಂದು ಪೌಂಡು ಎಂದರೆ 0.4536 ಕೆಜಿ. 5,000 ಪೌಂಡು ಎಂದರೆ 2,268 ಕೆಜಿ. ಅದು ಕಚ್ಚಾ ದಾರಿಯಲ್ಲಿ ಹೊರಬಹುದಾದ ಭಾರ. 10,000 ಪೌಂಡು ಎಂದರೆ 4,536 ಕೆಜಿ. ಅದು ಒಳ್ಳೆಯ ರಸ್ತೆಗೆ. ತಗಡನ್ನು ಒರೆಸಿ ನೋಡಿ, ಪಕ್ಕದಲ್ಲಿ "ಕ್ರಾಸ್ ಕಂಟ್ರಿ" ಮತ್ತು "ಹೈವೇ" ಎಂದು ಬರೆದಿರುತ್ತದೆ.

ಈಗ ಕೂಡಿಸಿ. ಖಾಲಿ ಗಾಡಿ 5,900, ಅದರ ಮೇಲೆ 2,268. ಒಟ್ಟು 8,168 ಕೆಜಿ. ಹೈವೇ ಲೆಕ್ಕದಲ್ಲಿ ತುಂಬಿದರೆ ಹತ್ತೂವರೆ ಟನ್ ಹತ್ತಿರ. 7 ಟನ್ ಸೇತುವೆಗೆ ಎರಡೂ ಆಗುವುದಿಲ್ಲ.

ಆರುಚಕ್ರ

ಅಯ್ಯೋ, ನಾನು 5,000 ಕೆಜಿ ಹೇರಬಹುದು ಅಂದುಕೊಂಡಿದ್ದೆ ಮೇಷ್ಟ್ರೇ. ಆದರೆ 2,268 ಅನ್ನೋದು ಎರಡೂವರೆ ಟನ್ನೂ ಅಲ್ಲವಲ್ಲ? 232 ಕೆಜಿ ಎಲ್ಲಿ ಹೋಯಿತು?

ಲೆಕ್ಕದ ಮೇಷ್ಟ್ರು

ಎಲ್ಲೂ ಹೋಗಿಲ್ಲ. ಅಮೆರಿಕದ ಟನ್ ಸಣ್ಣದು, ಅಷ್ಟೇ. ಅವರ ಟನ್ನಿಗೆ 2,000 ಪೌಂಡು, ಅಂದರೆ 907 ಕೆಜಿ. ಬ್ರಿಟಿಷರ ಟನ್ನಿಗೆ 2,240 ಪೌಂಡು, ಅಂದರೆ 1,016 ಕೆಜಿ. ಮೆಟ್ರಿಕ್ ಟನ್ 1,000 ಕೆಜಿ. ಇಂಗ್ಲಿಷಿನವರು ಮೆಟ್ರಿಕ್ ಟನ್ನಿನ ಕೊನೆಗೆ ಎರಡು ಅಕ್ಷರ ಜಾಸ್ತಿ ಸೇರಿಸಿ ಬೇರೆ ಮಾಡಿಕೊಂಡಿದ್ದಾರೆ. ನಾವು ಕನ್ನಡದಲ್ಲಿ ಮೂರನ್ನೂ "ಟನ್" ಎಂದೇ ಬರೆಯುತ್ತೇವೆ. ಹಾಗಾಗಿ ಯಾರಾದರೂ ಟನ್ ಎಂದ ಕೂಡಲೇ ಯಾವ ಊರಿನ ಟನ್ ಎಂದು ಕೇಳಬೇಕು.

ಗ್ರೀಸ್ ಕೈ

ಮೇಷ್ಟ್ರು ಹೇಳಿದ್ದು ಸರಿ. ಆದರೆ ಇನ್ನೊಂದು ಮಾತು. "ಎರಡೂವರೆ ಟನ್" ಅನ್ನೋದು ಅಳತೆ ಅಲ್ಲ, ಹೆಸರು. ಎರಡನೇ ಮಹಾಯುದ್ಧದ ಜಿಎಂಸಿ ಸಿಸಿಕೆಡಬ್ಲ್ಯೂ ಟ್ರಕ್ಕಿಗೂ ಇದೇ ಎರಡೂವರೆ ಟನ್ ಹೆಸರು. ಅದೂ ಕಚ್ಚಾ ದಾರಿಯ ಭಾರವೇ. ಕೆಸರಲ್ಲಿ, ಹಳ್ಳದಲ್ಲಿ, ಕತ್ತಲಲ್ಲಿ, ಅನುಭವ ಇಲ್ಲದ ಹುಡುಗ ಓಡಿಸಿದರೂ ಚಾಸಿ ಮುರಿಯಬಾರದು, ಆ ಲೆಕ್ಕ. ಅದಕ್ಕೇ ಡಾಂಬರು ರಸ್ತೆಯಲ್ಲಿ ಅದರ ಎರಡರಷ್ಟು ಹೊರುತ್ತದೆ. ಐದು ಟನ್ ಎನ್ನುವ ಎಂ939 ಸರಣಿಯದೂ ಅದೇ ಕಥೆ. 10,000 ಪೌಂಡು, ಕಚ್ಚಾ ದಾರಿಯಲ್ಲಿ.

ಗಾಡಿಯ ಸ್ವಂತ ತೂಕಕ್ಕೂ ಆ ಹೆಸರಿಗೂ ಯಾವ ಸಂಬಂಧವೂ ಇಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ.

ದಾರಿ ತಪ್ಪಿದವ

ಬ್ರಿಟಿಷ್ ಟ್ರಕ್ಕುಗಳನ್ನು ನೋಡಿದವರಿಗೆ ಇದು ಏನೂ ಅಲ್ಲ ಸಾರ್. ಬೆಡ್‌ಫರ್ಡ್ ಎಂಡಬ್ಲ್ಯೂ ಅನ್ನೋದು "15 ಹಂಡ್ರೆಡ್‌ವೇಟ್" ಟ್ರಕ್. ಹಂಡ್ರೆಡ್ ಅಂದರೆ ನೂರು ಅಲ್ವಾ? ಬ್ರಿಟಿಷರಿಗೆ ಅದು 112 ಪೌಂಡು. 15 ಇಂಟು 112, ಒಟ್ಟು 1,680 ಪೌಂಡು, 762 ಕೆಜಿ. ಅಮೆರಿಕದವರಿಗೆ ಅದೇ ಪದ ನಿಜವಾಗಿಯೂ 100 ಪೌಂಡು. ಪದ ಒಂದೇ, ತೂಕ ಎರಡು.

ಆಮೇಲೆ ಬಂದ ಬೆಡ್‌ಫರ್ಡ್ ಎಂಕೆ ಮೆಟ್ರಿಕ್ ನಾಲ್ಕು ಟನ್. ಅದರ ಹಿಂದಿನ ಆರ್‌ಎಲ್ ಹಳೇ ಟನ್ನಿನ ಗಾಡಿ, ಮೊದಲು ಮೂರು ಎಂದಿದ್ದದ್ದನ್ನು ಆಮೇಲೆ ನಾಲ್ಕು ಎಂದರು. ಗಾಡಿ ಅದೇ, ಅಂಕಿ ಮಾತ್ರ ಬೆಳೆಯಿತು. ಕಾಗದ ನೋಡಿ ಗಾಡಿ ಕೊಳ್ಳುವವರು ಹುಷಾರು.

ಆರುಚಕ್ರ

ಹಾಗಾದರೆ ಇನ್ನೊಂದು ಅನುಮಾನ. ಗಾಡಿಯ ಮುಂಭಾಗದಲ್ಲಿ ಒಂದು ಹಳದಿ ಬಿಲ್ಲೆ ಇದೆ. ಒಳಗೆ ಕಪ್ಪು ಅಂಕಿ, ಅರ್ಧ ಬಣ್ಣ ಕಿತ್ತುಹೋಗಿದೆ. ಸೇತುವೆಯ ಬೋರ್ಡಿಗೆ ಹೋಲಿಸಿ ನೋಡಲು ಅದೇ ಸಾಕಲ್ವಾ?

ಸೇತುವೆ ಹುಚ್ಚಿ

ಸಾಲದು. ಇದು ನನ್ನ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಆ ಹಳದಿ ಬಿಲ್ಲೆ ಮಿಲಿಟರಿ ಭಾರ ವರ್ಗದ್ದು. ನ್ಯಾಟೊ ದೇಶಗಳ ಪದ್ಧತಿ. ಗಾಡಿಗೂ ಒಂದು ಅಂಕಿ, ಸೇತುವೆಗೂ ಒಂದು ಅಂಕಿ. ಗಾಡಿಯ ಅಂಕಿ ಸೇತುವೆಯ ಅಂಕಿಗಿಂತ ಜಾಸ್ತಿ ಇಲ್ಲದಿದ್ದರೆ ದಾಟಬಹುದು. ಕತ್ತಲಲ್ಲಿ ಸಾಲಾಗಿ ಹೋಗುವ ಡ್ರೈವರ್ ಲೆಕ್ಕ ಮಾಡುತ್ತಾ ಕೂರಬಾರದು, ಎರಡು ಅಂಕಿ ನೋಡಿ ಹೋಗಬೇಕು, ಅಥವಾ ನಿಲ್ಲಬೇಕು. ಅದಕ್ಕೆ ಮಾಡಿದ್ದು. ಶೀತಲ ಸಮರದ ಕಾಲದಲ್ಲಿ ಪಶ್ಚಿಮ ಜರ್ಮನಿಯ ಸೇತುವೆಗಳ ಮೇಲೆಲ್ಲ ಈ ಹಳದಿ ದುಂಡು ಬೋರ್ಡುಗಳಿದ್ದವು. ಒಂದು ಬಾಣ ಇದ್ದರೆ ಒಂದೇ ಸಾಲಿನಲ್ಲಿ ಹೋಗುವಾಗಿನ ಮಿತಿ, ಎರಡು ಬಾಣ ಇದ್ದರೆ ಎದುರುಬದುರು ಹೋಗುವಾಗಿನ ಮಿತಿ.

ಆದರೆ ಆ ಅಂಕಿ ಟನ್ ಅಲ್ಲ, ವರ್ಗ. ಗೊಂದಲ ಯಾಕೆ ಅಂದರೆ ಅದರ ಹುಟ್ಟು ಟನ್ನಿನಲ್ಲೇ ಇದೆ. ಪದ್ಧತಿ ಮಾಡಿದವರು ಕಾಗದದ ಮೇಲೆ ಕೆಲವು ಮಾದರಿ ಗಾಡಿಗಳನ್ನು ಬರೆದುಕೊಂಡರು. ಟ್ಯಾಂಕಿನ ಹಾಗೆ ಪಟ್ಟಿ ಮೇಲೆ ಓಡುವ ಮಾದರಿ ಗಾಡಿಗೆ ವರ್ಗದ ಅಂಕಿಯೇ ಅದರ ತೂಕ, ಅದೂ ಅಮೆರಿಕದ ಸಣ್ಣ ಟನ್ನಿನಲ್ಲಿ. 60ನೇ ವರ್ಗದ ಮಾದರಿ ಟ್ಯಾಂಕ್ 60 ಸಣ್ಣ ಟನ್, ಅಂದರೆ 54.4 ಮೆಟ್ರಿಕ್ ಟನ್. ಯಾರಾದರೂ 60 ನೋಡಿ 60,000 ಕೆಜಿ ಎಂದುಕೊಂಡರೆ ಐದೂವರೆ ಟನ್ ಜಾಸ್ತಿ ಹೇರಿದ ಹಾಗೆ.

ಚಕ್ರದ ಗಾಡಿಗೆ ಈ ನೇರ ಲೆಕ್ಕವೂ ಇಲ್ಲ. ಯಾವ ಆಕ್ಸಲ್ ಮೇಲೆ ಎಷ್ಟು ಭಾರ, ಆಕ್ಸಲ್‌ಗಳ ನಡುವೆ ಎಷ್ಟು ಅಂತರ, ಎಲ್ಲ ಬರುತ್ತದೆ. ಹತ್ತು ಟನ್ ಅನ್ನು ಉದ್ದಕ್ಕೆ ಹರಡಿದರೆ ಸೇತುವೆ ತಡೆಯುತ್ತದೆ. ಅದೇ ಹತ್ತು ಟನ್ ಒಂದೇ ಜಾಗದಲ್ಲಿ ಕೂತರೆ ನರಳುತ್ತದೆ.

ಹಾಗಾಗಿ ಹಳದಿ ಬಿಲ್ಲೆಯನ್ನು ಹಳದಿ ಬೋರ್ಡಿಗೆ ಮಾತ್ರ ಹೋಲಿಸಿ. ನಿಮ್ಮ ಸೇತುವೆಯಲ್ಲಿರುವುದು ಸಾಮಾನ್ಯ ಟನ್ ಬೋರ್ಡು. ಅದಕ್ಕೆ ತೂಕದ ಚೀಟಿಯೇ ಬೇಕು.

ಆರುಚಕ್ರ

ಥ್ಯಾಂಕ್ಸ್ ಅಕ್ಕಾ. ಬಿಲ್ಲೆಗೆ ಹೊಸ ಬಣ್ಣ ಹೊಡೆದು ಚಂದ ಮಾಡುತ್ತೇನೆ, ಲೆಕ್ಕಕ್ಕೆ ಬಳಸುವುದಿಲ್ಲ.

ಪುಟಾಣಿ ಮಾಡೆಲ್

ನಾನು ನಿಜವಾದ ಗಾಡಿ ಮುಟ್ಟಿದವನಲ್ಲ, 1ಕ್ಕೆ 35ರ ಅಳತೆಯ ಪ್ಲಾಸ್ಟಿಕ್ ಮಾಡೆಲ್ ಮಾಡುವವನು. ಒಂದು ಪ್ರಶ್ನೆ. ಎಂ35ಎ2 ಎಂಜಿನ್ 478 ಎಂದು ಒಂದು ಕಡೆ ಓದಿದೆ. 478 ಸಿಸಿ ಅಂದರೆ ಬೈಕಿನ ಎಂಜಿನ್ ಅಲ್ವಾ? ಇಷ್ಟು ದೊಡ್ಡ ಗಾಡಿಯನ್ನು ಅದು ಹೇಗೆ ಎಳೆಯುತ್ತದೆ?

ಗ್ರೀಸ್ ಕೈ

ಬೆಳಗ್ಗೆ ಬೆಳಗ್ಗೆ ನಗಿಸಿದಿರಿ. ಅದು ಘನ ಇಂಚು ಮಾರಾಯರೇ. ಒಂದು ಘನ ಇಂಚಿಗೆ 16.387 ಸಿಸಿ. 478ಕ್ಕೆ 7,830 ಸಿಸಿ ಚಿಲ್ಲರೆ, ಅಂದರೆ 7.8 ಲೀಟರ್. ತಮಾಷೆ ಏನೆಂದರೆ ಎಂಜಿನ್ನಿನ ಹೆಸರು ಎಲ್‌ಡಿಟಿ 465. ಹೆಸರಿನಲ್ಲಿ 465, ಅಳೆದರೆ 478. ಅಲ್ಲೂ ಹೆಸರು ನಂಬಬೇಡಿ.

ಎಂ939 ಇನ್ನೂ ಮಜಾ. ಮೊದಲು ಬಂದದ್ದರಲ್ಲಿ ಕಮಿನ್ಸ್ ಎನ್‌ಎಚ್‌ಸಿ 250 ಎಂಜಿನ್, ಎಲ್ಲರೂ ಕರೆಯುವುದು "855" ಎಂದು. ಅದು ಘನ ಇಂಚು, 14 ಲೀಟರ್. ಅದೇ ಸರಣಿಯ ಎ2 ಮಾದರಿಗೆ ಬಂದ ಕಮಿನ್ಸ್ ಎಂಜಿನ್ ಹೆಸರಲ್ಲಿ 8.3 ಇದೆ. ಅದು ಲೀಟರ್. ಅಪ್ಪನ ಹೆಸರು ಇಂಚಿನಲ್ಲಿ, ಮಗನ ಹೆಸರು ಲೀಟರಿನಲ್ಲಿ. 855 ದೊಡ್ಡದಾ 8.3 ದೊಡ್ಡದಾ ಎಂದು ಹೊಸಬರನ್ನು ಕೇಳಿ ನೋಡಿ.

ಮಣ್ಣುದಾರಿ

ಟೈರ್ ಬಗ್ಗೆ ಯಾರಾದರೂ ಹೇಳಿ. ನನ್ನ ಗಾಡಿಗೆ 14.00ಆರ್20 ಬರುತ್ತದೆ. ಒಬ್ಬರು 395/85ಆರ್20 ಕೊಡುತ್ತೇನೆ, ಇದು ಇನ್ನೂ ದೊಡ್ಡದು, 395ಕ್ಕೆ ಹದಿನೈದೂವರೆ ಇಂಚು ಆಗುತ್ತದೆ ಎನ್ನುತ್ತಿದ್ದಾರೆ. ಲೆಕ್ಕ ಹಾಕಿದರೆ ಹೌದು ಅನಿಸುತ್ತದೆ. ಹಾಕಿಸಲಾ?

ಲೆಕ್ಕದ ಮೇಷ್ಟ್ರು

ಅಗಲದ ಲೆಕ್ಕ ಸರಿ. ಎತ್ತರದ ಲೆಕ್ಕ ಹಾಕಿದ್ದೀರಾ?

ಟೈರಿನ ಮೇಲಿರುವ ಬರಹ ಜಗತ್ತಿನ ಅತಿ ವಿಚಿತ್ರ ಬರಹ. 395/85ಆರ್20 ತೆಗೆದುಕೊಳ್ಳಿ. 395 ಅಗಲ, ಮಿಲಿಮೀಟರಿನಲ್ಲಿ. 85 ಅನ್ನೋದು ಶೇಕಡಾ, ಅಗಲದ 85 ಪಾಲು ಟೈರಿನ ಪಕ್ಕದ ಎತ್ತರ. 20 ಅನ್ನೋದು ರಿಮ್, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮೆಟ್ರಿಕ್, ಶೇಕಡಾ, ಇಂಚು, ಮೂರೂ.

395ಕ್ಕೆ 85 ಪಾಲು 335.75. ಮೇಲೆ ಒಂದು, ಕೆಳಗೆ ಒಂದು, ಎರಡಕ್ಕೆ 671.5. ರಿಮ್ 20 ಇಂಚು, 508 ಮಿ.ಮೀ. ಒಟ್ಟು ಸುಮಾರು 1,180 ಮಿ.ಮೀ. ನಿಮ್ಮ 14.00ಆರ್20 ಎಷ್ಟು ಗೊತ್ತಾ? ಸುಮಾರು 1,250. ಹಳೇ ಇಂಚಿನ ಟೈರಿನಲ್ಲಿ ಶೇಕಡಾ ಬರೆಯುವುದೇ ಇಲ್ಲ, ಪಕ್ಕದ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತದೆ. ಆ "ದೊಡ್ಡ" ಟೈರ್ ಹಾಕಿದರೆ ಗಾಡಿ ಮೂರೂವರೆ ಸೆಂಟಿಮೀಟರ್ ಕೆಳಗೆ ಕೂರುತ್ತದೆ. ಸ್ಪೀಡೋಮೀಟರ್ ಕೂಡ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ.

ದಾರಿ ತಪ್ಪಿದವ

ರಷ್ಯಾದ ಟೈರ್ ನೋಡಿದ್ದೀರಾ ಮೇಷ್ಟ್ರೇ? ಸೋವಿಯತ್ ಕಾಲದ ಉರಲ್ 4320ರ ಟೈರ್ ಮೇಲೆ 14.00-20 ಎಂದೂ ಇರುತ್ತದೆ, 370-508 ಎಂದೂ ಇರುತ್ತದೆ. ಜಿಲ್ 131ಕ್ಕೆ 12.00-20, ಅದೇ 320-508. ಪೂರ್ತಿ ಮೆಟ್ರಿಕ್ ದೇಶ, ಹೆಮ್ಮೆಯಿಂದ ಮಿಲಿಮೀಟರ್ ಬರೆದಿದ್ದಾರೆ. ಆದರೆ 508 ಎಂದರೇನು? ಇಪ್ಪತ್ತು ಇಂಚು! ಇಂಚಿಗೆ ಮೆಟ್ರಿಕ್ ಅಂಗಿ ತೊಡಿಸಿದ್ದಾರೆ ಅಷ್ಟೇ.

ಲೆಕ್ಕದ ಮೇಷ್ಟ್ರು

ಅಗಲ ಮಾತ್ರ ತಾಳೆ ಆಗುವುದಿಲ್ಲ, ಗಮನಿಸಿದಿರಾ? 14 ಇಂಚಿಗೆ 355.6 ಮಿ.ಮೀ., ಅಲ್ಲಿ 370 ಎಂದಿದೆ. ಜರ್ಮನಿಯ ಯುನಿಮೊಗ್ ಟ್ರಕ್ಕಿನವರ 335/80ಆರ್20 ಟೈರಿಗೆ ಇನ್ನೊಂದು ಹೆಸರು 12.5ಆರ್20. ಹನ್ನೆರಡೂವರೆ ಇಂಚಿಗೆ 317.5 ಆಗಬೇಕು, ಆದರೆ 335. ಟೈರಿನಲ್ಲಿ ರಿಮ್ಮಿನ ಅಂಕಿಯನ್ನು ಮಾತ್ರ 25.4ರಿಂದ ಗುಣಿಸಿ. ಉಳಿದದ್ದಕ್ಕೆ ಕಂಪನಿಯ ಪಟ್ಟಿ ತೆಗೆದು ಹೊರಗಿನ ವ್ಯಾಸ ನೋಡಿ.

ಯುನಿಮೊಗ್ ಎಂದಾಗ ನೆನಪಾಯಿತು. ಮೊದಲ ಯುನಿಮೊಗ್ ಹೊಲದ ಕೆಲಸಕ್ಕೆ ಮಾಡಿದ ಗಾಡಿ. ಆಲೂಗಡ್ಡೆಯ ಎರಡು ಸಾಲಿಗೆ ಹೊಂದುವಂತೆ ಎಡಬಲ ಚಕ್ರಗಳ ನಡುವೆ 1,270 ಮಿ.ಮೀ. ಇಟ್ಟರು. 25.4ರಿಂದ ಭಾಗಿಸಿ ನೋಡಿ. ಸರಿಯಾಗಿ 50 ಇಂಚು. ಜರ್ಮನಿಯವರ ಹೊಲದಲ್ಲಿ! ಕಾಕತಾಳೀಯವೇ ಇರಬೇಕು, ಆದರೂ ಪ್ರತಿ ಸಲ ನೋಡಿದಾಗ ನಗು ಬರುತ್ತದೆ.

ಮಣ್ಣುದಾರಿ

ಟೈರ್ ಕೊಡುವವರಿಗೆ ಬೇಡ ಎಂದು ಹೇಳಿದೆ. ಉಳಿಸಿದಿರಿ.

ಗಾಳಿ ಬಗ್ಗೆಯೂ ಒಂದು ಮಾತು. ಜಿಲ್ 131ರಲ್ಲಿ ಕ್ಯಾಬಿನ್ ಒಳಗಿಂದಲೇ ಟೈರಿನ ಗಾಳಿ ಏರಿಸಿ ಇಳಿಸಬಹುದು. ಅದರ ಗೇಜಿನಲ್ಲಿ ರಸ್ತೆಗೆ 3, ಕೆಸರಿಗೆ 0.5. ಅದು ಚದರ ಸೆಂಟಿಮೀಟರಿಗೆ ಕೆಜಿ. 3 ಎಂದರೆ ಸುಮಾರು 43 ಪಿಎಸ್‌ಐ (ಚದರ ಇಂಚಿಗೆ ಪೌಂಡು), 0.5 ಎಂದರೆ ಬರೀ 7. ಪಿಎಸ್‌ಐ ಅಭ್ಯಾಸದ ಗೆಳೆಯನೊಬ್ಬ ಗೇಜಿನ ಮುಳ್ಳು ಮೂರರ ಹತ್ತಿರ ನೋಡಿ, ಟೈರ್ ಪಂಕ್ಚರ್ ಎಂದು ಕೂಗಿಕೊಂಡು ಕೆಳಗೆ ಹಾರಿದ್ದ.

ಹೊಸ ಚಾಲಕ

ನಾನೂ ಒಂದು ಸೇರಿಸುತ್ತೇನೆ. ಎತ್ತರದ ಮಿತಿ ಇರುವ ಕಡೆ ಅಡಿ ಲೆಕ್ಕ ಬೇಕೆಂದರೆ ಸುಲಭ ದಾರಿ ಇದೆ. ಮೀಟರನ್ನು 3.28ರಿಂದ ಗುಣಿಸಿ. ನನ್ನ ಗಾಡಿ ಹಿಂದಿನ ಡಬ್ಬ ಸೇರಿ ಸರಿಯಾಗಿ 4 ಮೀಟರ್. ಅಂದರೆ 13.12. ಹದಿಮೂರು ಅಡಿ ಹನ್ನೆರಡು ಇಂಚು. ಕ್ಯಾಬಿನ್ನಿನಲ್ಲಿ ಹಾಗೇ ಬರೆದು ಅಂಟಿಸಿಕೊಂಡಿದ್ದೇನೆ.

ಸೇತುವೆ ಹುಚ್ಚಿ

ತಮ್ಮಾ, ಆ ಚೀಟಿ ಈಗಲೇ ಕಿತ್ತು ಹಾಕು. ಹದಿಮೂರು ಅಡಿ ಹನ್ನೆರಡು ಇಂಚು ಎಂದರೆ ಹದಿನಾಲ್ಕು ಅಡಿ! ಚುಕ್ಕಿಯ ಆಚೆಗಿನ .12 ಅಡಿಯ ನೂರು ಪಾಲಿನಲ್ಲಿ ಹನ್ನೆರಡು, ಇಂಚು ಅಲ್ಲ. 0.12 ಇಂಟು 12 ಮಾಡಿದರೆ ಸುಮಾರು ಒಂದೂವರೆ ಇಂಚು. ನಿನ್ನ ಗಾಡಿ 13 ಅಡಿ ಒಂದೂವರೆ ಇಂಚು.

ಈ ಸಲ ನಿನ್ನ ತಪ್ಪು ಸುರಕ್ಷಿತ ಕಡೆಗೇ ಬಿತ್ತು, ಗಾಡಿ ಇರುವುದಕ್ಕಿಂತ ಎತ್ತರ ಎಂದುಕೊಂಡಿದ್ದೀಯ. ಇದೇ ಗಣಿತವನ್ನು ಸೇತುವೆಯ ಬೋರ್ಡಿಗೆ ಮಾಡಿದರೆ? 4 ಮೀಟರ್ ಬೋರ್ಡು ನೋಡಿ ಹದಿನಾಲ್ಕು ಅಡಿ ಜಾಗ ಇದೆ ಎಂದುಕೊಂಡು ನುಗ್ಗಿದರೆ ಹತ್ತು ಇಂಚು ಜಾಸ್ತಿ. ಡಬ್ಬದ ಮೇಲ್ಭಾಗ ಅಲ್ಲೇ ಉಳಿಯುತ್ತದೆ.

ಅಮೆರಿಕದ ಉತ್ತರ ಕೆರೊಲಿನಾದ ಡರಮ್ ಊರಿನಲ್ಲಿ ಒಂದು ರೈಲು ಸೇತುವೆ ಇದೆ, ಕೆಳಗೆ 11 ಅಡಿ 8 ಇಂಚು ಜಾಗ. ಅಂದರೆ 3.56 ಮೀಟರ್. ಎಷ್ಟು ಲಾರಿಗಳ ತಲೆ ಸವರಿತು ಅಂದರೆ ಅದಕ್ಕೆ "ಡಬ್ಬಿ ತೆರೆಯುವ ಸೇತುವೆ" ಎಂದೇ ಹೆಸರು ಬಿತ್ತು. 2019ರಲ್ಲಿ ಅದನ್ನು 12 ಅಡಿ 4 ಇಂಚಿಗೆ ಎತ್ತರಿಸಿದರು. ಆಮೇಲೂ ಗುದ್ದುವವರು ಗುದ್ದುತ್ತಲೇ ಇದ್ದಾರೆ. ಅವರಿಗೆ ಅಳತೆ ಗೊಂದಲ ಅಲ್ಲ, ಬೋರ್ಡು ಓದುವ ಅಭ್ಯಾಸವೇ ಇಲ್ಲ. ಬ್ರಿಟನ್ನಿನಲ್ಲಿ ಮಾತ್ರ ಇದು ಅಳತೆಯ ಸಮಸ್ಯೆಯೂ ಹೌದು. ಅಲ್ಲಿ ಬರೀ ಅಡಿ-ಇಂಚಿನ ಬೋರ್ಡು ನೋಡಿ ಹೊರದೇಶದ ಲಾರಿಯವರು ತಬ್ಬಿಬ್ಬಾಗುತ್ತಿದ್ದರು. 2015ರಿಂದ ಹೊಸದಾಗಿ ಹಾಕುವ ಎತ್ತರದ ಬೋರ್ಡಿನಲ್ಲಿ ಮೀಟರೂ ಇರಲೇಬೇಕು ಎಂದು ನಿಯಮ ಬಂತು.

ಹೊಸ ಚಾಲಕ

ಚೀಟಿ ಕಿತ್ತೆ ಅಕ್ಕಾ. ಇನ್ನು ಮುಂದೆ ಮೀಟರ್ ಮಾತ್ರ.

ಕುತೂಹಲಿ

ಅಳತೆ ಗೊಂದಲ ಅಂದರೆ 1983ರಲ್ಲಿ ಏರ್ ಕೆನಡಾ ವಿಮಾನಕ್ಕೆ ಕೆಜಿ ಬದಲು ಪೌಂಡಿನ ಲೆಕ್ಕದಲ್ಲಿ ಇಂಧನ ತುಂಬಿ ಆಕಾಶದಲ್ಲೇ ಖಾಲಿಯಾದ ಕಥೆ ಗೊತ್ತಲ್ವಾ? 1999ರಲ್ಲಿ ಮಂಗಳಕ್ಕೆ ಹೋದ ನಾಸಾ ನೌಕೆಯದೂ...

ನಿರ್ವಾಹಕ

ಗೊತ್ತು ಸಾರ್, ಅಳತೆ ಎಂದ ಕೂಡಲೇ ಇವೆರಡು ಎಲ್ಲ ಕಡೆ ಬರುತ್ತವೆ. ಇಲ್ಲಿ ಟ್ರಕ್ಕಷ್ಟೇ ಸಾಕು. ನೆಲದ ಮೇಲಿರೋಣ.

ಆರುಚಕ್ರ

ನಮ್ಮ ಗಾಡಿಯದೇ ಇಂಧನದ ಕಥೆ ಇದೆ. ಟ್ಯಾಂಕ್ 50 ಗ್ಯಾಲನ್. ನಾನು ಗ್ಯಾಲನ್ನಿಗೆ 4.546 ಲೀಟರ್ ಹಾಕಿ 227 ಲೀಟರ್ ಎಂದು ಲೆಕ್ಕ ಮಾಡಿ ಡೀಸೆಲ್ ತಂದೆ. 189ಕ್ಕೇ ಟ್ಯಾಂಕ್ ತುಂಬಿತು. ಉಳಿದದ್ದು ಡಬ್ಬದಲ್ಲೇ ಇದೆ. ಆಮೇಲೆ ತಿಳಿಯಿತು, 4.546 ಬ್ರಿಟಿಷರ ಗ್ಯಾಲನ್. ಅಮೆರಿಕದ್ದು 3.785.

ದಾರಿ ತಪ್ಪಿದವ

ಉಳಿದದ್ದು ಯಾವ ಡಬ್ಬದಲ್ಲಿದೆ? ಮಿಲಿಟರಿ ಜೆರಿಕ್ಯಾನ್ ಆದರೆ ಅದರದ್ದೇ ಇನ್ನೊಂದು ಕಥೆ. ಮೂಲ ಜರ್ಮನಿಯದು, 20 ಲೀಟರ್. ಅಮೆರಿಕದವರು ನಕಲು ಮಾಡಿ 5 ಗ್ಯಾಲನ್ ಡಬ್ಬ ಎಂದರು. ನಿಜವಾಗಿ 20 ಲೀಟರಿಗೆ ಅವರ ಗ್ಯಾಲನ್ 5.28. ಬ್ರಿಟಿಷರ ಗ್ಯಾಲನ್ನಿನಲ್ಲಿ ಅದೇ 4.4. ಒಂದೇ ಡಬ್ಬ, ಮೂರು ಅಂಕಿ. ಡಬ್ಬ ಎಣಿಸಿ ಲೆಕ್ಕ ಇಡಿ, ಲೀಟರಿನಲ್ಲೇ ಇಡಿ.

ಗ್ರೀಸ್ ಕೈ

ಇಲ್ಲಿಯವರೆಗೆ ಹೇಳಿದ್ದೆಲ್ಲ ದುಡ್ಡು ಕಳೆಯುವ ತಪ್ಪುಗಳು. ಪ್ರಾಣ ತೆಗೆಯುವುದು ಬೇರೆ ಇದೆ. ಟಾರ್ಕ್, ಅಂದರೆ ನಟ್ಟು ಬಿಗಿ ಮಾಡುವಾಗ ತಿರುಗಿಸುವ ಬಲ.

ಕೆಲವು ವರ್ಷದ ಹಿಂದಿನ ಮಾತು. ಒಂದು ದೊಡ್ಡ ಟ್ರಕ್ಕಿನ ಹಿಂದಿನ ಚಕ್ರ ಬಿಚ್ಚಿ ಮತ್ತೆ ಹಾಕಿದೆವು. ಕೈಪಿಡಿಯಲ್ಲಿ ವೀಲ್ ನಟ್ಟಿಗೆ 350 ಎಂದಿತ್ತು. ಅಡಿ-ಪೌಂಡು. ನಮ್ಮ ಜೊತೆಗಿದ್ದ ಹುಡುಗ ಟಾರ್ಕ್ ರೆಂಚನ್ನು 350ಕ್ಕೇ ಇಟ್ಟ. ಆದರೆ ರೆಂಚಿನಲ್ಲಿದ್ದದ್ದು ನ್ಯೂಟನ್ ಮೀಟರ್. "ಟಿಕ್" ಎಂದು ಸದ್ದು ಬಂತು, ಎಲ್ಲ ನಟ್ಟಿಗೂ ಬಂತು. ನಾನೂ ಪಕ್ಕದಲ್ಲೇ ನಿಂತಿದ್ದೆ. ಸದ್ದು ಕೇಳಿ ಸಮಾಧಾನಪಟ್ಟೆ. ಅಂಕಿ ನೋಡಲಿಲ್ಲ.

350 ಅಡಿ-ಪೌಂಡಿಗೆ 475 ನ್ಯೂಟನ್ ಮೀಟರ್ ಆಗಬೇಕು. ನಾವು ಹಾಕಿದ್ದು ಅದರ ಮುಕ್ಕಾಲು ಪಾಲಿಗಿಂತ ಕಡಿಮೆ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಕಟಕಟ ಸದ್ದು. ಇಳಿದು ನೋಡಿದರೆ ನಟ್ಟುಗಳು ಸಡಿಲ, ರಿಮ್ಮಿನ ತೂತುಗಳು ಮೊಟ್ಟೆ ಆಕಾರಕ್ಕೆ ಬಂದಿವೆ, ನಟ್ಟು ಕೂರುವ ಕಡ್ಡಿ, ಅಂದರೆ ಸ್ಟಡ್, ಒಂದು ತುಂಡಾಗಿದೆ. ಚಕ್ರ ಕಳಚಿ ಎದುರಿನವರ ಮೇಲೆ ಹೋಗಿದ್ದರೆ ಏನು ಗತಿ? ಇವತ್ತಿಗೂ ಯೋಚಿಸಿದರೆ ಕೈ ಬೆವರುತ್ತದೆ.

ತಿರುಗಾಮುರುಗಾ ಆದರೆ ಇನ್ನೊಂದು ಕಷ್ಟ. ನ್ಯೂಟನ್ ಮೀಟರಿನ ಅಂಕಿಯನ್ನು ಅಡಿ-ಪೌಂಡಿನಲ್ಲಿ ಹಾಕಿದರೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಿಗಿ, ಸ್ಟಡ್ ಹಿಗ್ಗಿ ಸಾಯುತ್ತದೆ. ಹಳೇ ಸೋವಿಯತ್ ಮತ್ತು ಜಪಾನಿ ಕೈಪಿಡಿಗಳಲ್ಲಿ ಕೆಜಿ-ಮೀಟರ್ ಇರುತ್ತದೆ. ಆಗ ಅದೇ 350 ಅಡಿ-ಪೌಂಡು 48.4 ಎಂದು ಕಾಣುತ್ತದೆ. ಸಣ್ಣ ಬೋಲ್ಟುಗಳಿಗೆ ಇಂಚು-ಪೌಂಡು, ಅಲ್ಲಿ ತಪ್ಪಿದರೆ ಹನ್ನೆರಡು ಪಟ್ಟು. ಬೋಲ್ಟಿನ ತಲೆಯೇ ಕೈಗೆ ಬರುತ್ತದೆ.

ಈಗ ನನ್ನ ಪದ್ಧತಿ ಏನೆಂದರೆ ಒಬ್ಬ ಕೈಪಿಡಿಯ ಅಂಕಿಯನ್ನೂ ಅಳತೆಯ ಹೆಸರನ್ನೂ ಜೋರಾಗಿ ಓದಬೇಕು, ರೆಂಚ್ ಹಿಡಿದವನು ರೆಂಚಿನ ಮೇಲೆ ಬರೆದದ್ದನ್ನು ಜೋರಾಗಿ ಓದಬೇಕು. ಎರಡೂ ಒಂದೇ ಆದರೆ ಮಾತ್ರ ಕೈ ಹಾಕಬೇಕು. ಹುಡುಗರು ನಗುತ್ತಾರೆ. ನಗಲಿ.

ಹೊಸ ಚಾಲಕ

ಅಣ್ಣಾ, ಓದಿ ಎದೆ ಝಲ್ಲೆಂದಿತು. ನಾಳೆಯೇ ನನ್ನ ರೆಂಚ್ ನೋಡುತ್ತೇನೆ.

ಮಣ್ಣುದಾರಿ

ಇಷ್ಟೆಲ್ಲ ತಲೆನೋವು ಯಾಕೆ? ಗಾಡಿ ಬಿಚ್ಚಿದಾಗಲೇ ಎಲ್ಲ ಬೋಲ್ಟನ್ನೂ ಮೆಟ್ರಿಕ್‌ಗೆ ಬದಲಾಯಿಸಿದರೆ ಮುಗಿಯಿತು. ಒಂದೇ ಸೆಟ್ ಪಾನಾ ಸಾಕು. ನಾನು ಹಾಗೇ ಮಾಡುತ್ತಿದ್ದೇನೆ. ತೂತಿಗೆ ಹೊಸ ಥ್ರೆಡ್ ಹೊಡೆದರಾಯಿತು.

ಗ್ರೀಸ್ ಕೈ

ದಯವಿಟ್ಟು ಬೇಡ. ಮುಂದೆ ಆ ಗಾಡಿ ಬಿಚ್ಚುವವನು ನಿಮ್ಮನ್ನು ಶಪಿಸುತ್ತಾನೆ. ಅರ್ಧ ಬದಲಾಯಿಸಿದ ಗಾಡಿ ಪೂರ್ತಿ ಇಂಚಿನ ಗಾಡಿಗಿಂತ ಅಪಾಯ. ಅರ್ಧ ಇಂಚಿನ ಬೋಲ್ಟಿನ ತಲೆ ಮುಕ್ಕಾಲಿಂಚು, ಅಂದರೆ 19.05 ಮಿ.ಮೀ. ಹಳೇ ಎಂ12, ಅಂದರೆ 12 ಮಿ.ಮೀ. ದಪ್ಪದ ಮೆಟ್ರಿಕ್ ಬೋಲ್ಟಿನ ತಲೆ 19 ಮಿ.ಮೀ. ಒಂದೇ ಪಾನಾ ಎರಡಕ್ಕೂ ಕೂರುತ್ತದೆ! ಯಾವುದು ಯಾವುದೆಂದು ಪಾನಾ ಹೇಳುವುದಿಲ್ಲ. ಒಳಗಿನ ಥ್ರೆಡ್ ಮಾತ್ರ ಬೇರೆ. ಅರ್ಧ ಇಂಚಿನ ದಪ್ಪ ಥ್ರೆಡ್ಡಿಗೆ ಇಂಚಿಗೆ 13 ಸುತ್ತು, ಎಂ12ಕ್ಕೆ 1.75 ಮಿ.ಮೀ.ಗೆ ಒಂದು ಸುತ್ತು. ತಪ್ಪಿದ್ದನ್ನು ಹಾಕಿದರೆ ಒಂದೋ ಎರಡು ಸುತ್ತಿಗೆ ಕಚ್ಚಿಕೊಳ್ಳುತ್ತದೆ, ಇಲ್ಲ ಸುಮ್ನೆ ಸಡಿಲವಾಗಿ ಕೂತು ಒಂದು ದಿನ ಕಿತ್ತು ಬರುತ್ತದೆ. ಎರಡನೆಯದೇ ಭಯ.

ಮಣ್ಣುದಾರಿ

ಬೋಲ್ಟಿನ ತಲೆ ನೋಡಿದರೆ ಗೊತ್ತಾಗುತ್ತದಲ್ಲ ಗುರು? 8.8, 10.9 ಎಂದು ಅಂಕಿ ಇದ್ದರೆ ಮೆಟ್ರಿಕ್. ಗೀಟುಗಳಿದ್ದರೆ ಇಂಚು, ಮೂರು ಗೀಟು ಗ್ರೇಡ್ 5, ಆರು ಗೀಟು ಗ್ರೇಡ್ 8. ಇಷ್ಟು ತಿಳಿಯದವನು ಗಾಡಿ ಬಿಚ್ಚಲೇಬಾರದು.

ಗ್ರೀಸ್ ಕೈ

ಬೋಲ್ಟ್ ಕೈಯಲ್ಲಿದ್ದಾಗ ಸರಿ. ತೂತಿನ ಮೇಲೆ ಯಾರು ಗೀಟು ಹಾಕಿದ್ದಾರೆ? ಮೂವತ್ತು ವರ್ಷದ ಬಣ್ಣ, ತುಕ್ಕಿನ ಕೆಳಗೆ ಗೀಟು ಎಲ್ಲಿ ಕಾಣುತ್ತದೆ?

ಲೆಕ್ಕದ ಮೇಷ್ಟ್ರು

ನಾನು ಗ್ರೀಸ್ ಕೈ ಅವರ ಪಕ್ಷ. ಸೇನೆಗಳು ಈ ಪಾಠವನ್ನು ಕಷ್ಟಪಟ್ಟೇ ಕಲಿತವು. ಬ್ರಿಟಿಷರ ವಿಟ್‌ವರ್ತ್ ಥ್ರೆಡ್ 1841ರದು, ಅದರ ಕೋನ 55 ಡಿಗ್ರಿ. ಅಮೆರಿಕದವರದು 60 ಡಿಗ್ರಿ. ಎರಡೂ ಇಂಚಿನದೇ, ಆದರೂ ಸೇರುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ಒಂದೇ ಪಕ್ಷದ ಸೇನೆಗಳು, ಒಂದೇ ರಣರಂಗ, ಒಬ್ಬರ ಬೋಲ್ಟ್ ಇನ್ನೊಬ್ಬರ ಗಾಡಿಗೆ ಆಗುತ್ತಿರಲಿಲ್ಲ. ಅದರಿಂದ ಸಾಕಾಗಿ 1948ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಸೇರಿ 60 ಡಿಗ್ರಿಯ ಒಂದೇ ಥ್ರೆಡ್ ಒಪ್ಪಿಕೊಂಡವು. ಈಗ ನಾವು ಯುಎನ್‌ಸಿ (ದಪ್ಪ ಥ್ರೆಡ್), ಯುಎನ್‌ಎಫ್ (ಸಣ್ಣ ಥ್ರೆಡ್) ಎನ್ನುವುದು ಅದನ್ನೇ.

ಇನ್ನು ವಿಟ್‌ವರ್ತ್ ಪಾನಾ. ಅದರ ಮೇಲೆ ಅರ್ಧ ಇಂಚು ಎಂದಿದ್ದರೆ ಬಾಯಿ ಅರ್ಧ ಇಂಚು ಎಂದುಕೊಳ್ಳಬೇಡಿ. ಆ ಅಂಕಿ ಬೋಲ್ಟಿನ ಕಡ್ಡಿಯ ದಪ್ಪ. ಪಾನಾದ ಬಾಯಿ 0.92 ಇಂಚು, 23 ಮಿ.ಮೀ.ಗಿಂತ ಜಾಸ್ತಿ. ಹಳೇ ಬ್ರಿಟಿಷ್ ಗಾಡಿ ಇರುವವರ ಡಬ್ಬದಲ್ಲಿ ಇಂಥ ಪಾನಾ ಸಿಕ್ಕರೆ ಎಸೆಯಬೇಡಿ.

ದಾರಿ ತಪ್ಪಿದವ

ಅಮೆರಿಕದ ಹೊಸ ಗಾಡಿಯವರಿಗೂ ಬಿಡುಗಡೆ ಇಲ್ಲ. ಎಂ35ರ ಜಾಗಕ್ಕೆ 90ರ ದಶಕದಲ್ಲಿ ಬಂದ ಎಫ್‌ಎಂಟಿವಿ ಮೂಲದಲ್ಲಿ ಆಸ್ಟ್ರಿಯಾದ ಸ್ಟೈರ್ 12ಎಂ18. ಮೆಟ್ರಿಕ್ ಹೊಟ್ಟೆಯ ಗಾಡಿ. ಹೆಸರು ಮಾತ್ರ ಎರಡೂವರೆ ಟನ್, ಐದು ಟನ್, ಅದೇ ಸಣ್ಣ ಟನ್ನಿನಲ್ಲಿ. ಅಲ್ಲಿನ ಸೈನಿಕರು ದೂರವನ್ನು "ಕ್ಲಿಕ್" ಎನ್ನುತ್ತಾರೆ, ಅಂದರೆ ಕಿಲೋಮೀಟರ್. ಎಂ35 ಓಡಿಸುವಾಗ ಎದುರಿಗಿದ್ದ ಸ್ಪೀಡೋಮೀಟರ್ ಮೈಲಿಯದು. ನಕ್ಷೆ ಒಂದು ಅಳತೆ, ಗಾಡಿ ಒಂದು ಅಳತೆ.

ಮಣ್ಣುದಾರಿ

ಸರಿ, ಸರಿ. ಮುಂದಿನ ಆಕ್ಸಲ್ ಆಗಲೇ ಮೆಟ್ರಿಕ್ ಮಾಡಿಯಾಗಿದೆ. ಅಲ್ಲಿಗೇ ನಿಲ್ಲಿಸುತ್ತೇನೆ. ಬಣ್ಣ ಹಚ್ಚಿ ಗುರುತು ಮಾಡುತ್ತೇನೆ.

ಗ್ರೀಸ್ ಕೈ

ಕೆಂಪು ಬಣ್ಣ ಹಚ್ಚಿ. ಒಂದು ಚೀಟಿಯನ್ನೂ ಗಾಡಿಯ ಕಾಗದದ ಜೊತೆ ಇಡಿ.

ಆರುಚಕ್ರ

ಎರಡು ವಾರದ ನಂತರ ಬರುತ್ತಿದ್ದೇನೆ. ಸೇತುವೆಯನ್ನು ಖಾಲಿ ಗಾಡಿಯಲ್ಲಿ ದಾಟಿದೆವು, ಸಾಮಾನನ್ನು ಸಣ್ಣ ಗಾಡಿಯಲ್ಲಿ ಎರಡು ಸಲ ಸಾಗಿಸಿದೆವು. ತಗಡಿನ ಪಕ್ಕದಲ್ಲೇ ಕೆಜಿ ಅಂಕಿಗಳನ್ನು ಬರೆದು ಅಂಟಿಸಿದ್ದೇನೆ.

ಈಗ ಹೊಸ ತೊಂದರೆ. ಬಲಗಡೆಯ ಚಕ್ರಗಳನ್ನೆಲ್ಲ ಬಿಚ್ಚಿ ನೋಡಿ ಹಾಕಿದೆವು, ಸಲೀಸಾಗಿ ಆಯಿತು. ಎಡಗಡೆ ಮಾತ್ರ ಒಂದು ನಟ್ಟೂ ಅಲ್ಲಾಡುತ್ತಿಲ್ಲ. ನಮ್ಮದು 38 ಮಿ.ಮೀ. ಸಾಕೆಟ್. ನಟ್ಟು ಒಂದೂವರೆ ಇಂಚು, ಅಂದರೆ 38.1. ಆ 0.1 ಮಿ.ಮೀ. ವ್ಯತ್ಯಾಸದಿಂದ ಹಿಡಿತ ಸರಿಯಾಗಿ ಸಿಗುತ್ತಿಲ್ಲ ಅನಿಸುತ್ತದೆ. ಎರಡು ಮೀಟರ್ ಪೈಪ್ ಹಾಕಿ ಇಬ್ಬರು ನಿಂತು ಕುಣಿದರೂ ಇಲ್ಲ. ಇಂಚಿನ ಸಾಕೆಟ್ಟೇ ತರಿಸಬೇಕಾ?

ಗ್ರೀಸ್ ಕೈ

ಕುಣಿಯುವುದು ನಿಲ್ಲಿಸಿ. ಸಾಕೆಟ್ ಕೂತಿದ್ದರೆ ಸಾಕೆಟ್ಟಿನ ತಪ್ಪಲ್ಲ, ಬಲಗಡೆ ಅದರಲ್ಲೇ ಬಿಚ್ಚಿದಿರಲ್ಲ. ಸ್ಟಡ್ಡಿನ ತುದಿಯಲ್ಲಿ, ನಟ್ಟಿನ ಮುಖದ ಮೇಲೆ ಏನಾದರೂ ಅಕ್ಷರ ಇದೆಯಾ?

ಆರುಚಕ್ರ

ಇದೆ. ಇಂಗ್ಲಿಷಿನ "ಎಲ್" ಇದೆ. ಅದು "ಲಾರ್ಜ್" ಅಲ್ವಾ? ದೊಡ್ಡ ಸೈಜು ಎಂದುಕೊಂಡೇ ಸಾಕೆಟ್ ಬಗ್ಗೆ ಅನುಮಾನ ಬಂದದ್ದು.

ಗ್ರೀಸ್ ಕೈ

"ಲೆಫ್ಟ್" ಮಾರಾಯರೇ. ಎಂ35ರಲ್ಲಿ ಎಡಗಡೆ ಚಕ್ರದ ಥ್ರೆಡ್ ಉಲ್ಟಾ. ನೀವಿಬ್ಬರು ಎರಡು ದಿನದಿಂದ ಬಿಗಿ ಮಾಡುತ್ತಿದ್ದೀರಿ.

ಆರುಚಕ್ರ

ಬಿಚ್ಚಿತು.